ನಡುಗುವ ಕೈಗೊಂದು ಗಾಳದ ಕೋಲು

ಮೆತ್ತನೆಯ ಗಾಳದ ಕೋಲು ಕಂಡರೆ ನನ್ನ ಗಂಡ ಹಾರ್ಲನ್ ಮೂಗು ಮುರಿಯುತ್ತಿದ್ದ. ಮ್ಯಾಡಿಸನ್ ನದಿಯ ದಡದ ನಮ್ಮ ಕಾರ್ಯಾಗಾರದಲ್ಲಿ ಅವನು ಮಾಡಿದ್ದೆಲ್ಲ ಕಾರ್ಬನ್ ನೂಲಿನ ಬಿಗಿ ಕೋಲುಗಳೇ. ದಾರ ದೂರಕ್ಕೆಸೆಯಲು ಬೀಸಿ ನಿಲ್ಲಿಸಿದ ಕೂಡಲೇ ಕೋಲಿನ ತುದಿಯೂ ನಿಲ್ಲಬೇಕು. ಇಲ್ಲದಿದ್ದರೆ ತುದಿಯ ನಡುಕ ದಾರಕ್ಕಿಳಿದು, ದಾರ ನೀರಿನ ಮೇಲೆ ಗುಪ್ಪೆಯಾಗಿ ಬಿದ್ದು, ಟ್ರೌಟ್ ಮೀನು ಪರಾರಿ. ಬಿಗಿಯಿದ್ದಷ್ಟೂ ಬೇಗ ನಿಲ್ಲುತ್ತದೆ ಎಂಬುದು ಅವನ ವೇದವಾಕ್ಯ. ಯಾರಾದರೂ ಗಾಜಿನ ನೂಲಿನ ಮೆತ್ತನೆಯ ಹಳೇ ಕೋಲು ತಂದರೆ, "ಏನಪ್ಪಾ, ಬೆಂದ ನೂಡಲ್ ಹಿಡ್ಕೊಂಡು ಬಂದ್ಯಾ?" ಎಂದು ಕಿಚಾಯಿಸುತ್ತಿದ್ದ.

ಎರಡು ವರ್ಷದ ಹಿಂದೆ ಅವನ ಬಲಗೈ ನಡುಗಲು ಶುರುವಾಯಿತು. ಜೀವಕ್ಕೇನೂ ತೊಂದರೆಯಿಲ್ಲ, ಆದರೆ ಪೂರ್ತಿ ಹೋಗುವುದೂ ಇಲ್ಲ ಎಂದರು ಡಾಕ್ಟರು. ಹಾರ್ಲನ್ ನದಿಗಿಳಿಯುವುದನ್ನು ಬಿಟ್ಟ. ಸಿದ್ಧವಾದ ಕೋಲಿನ ಹಿಡಿಯ ಮೇಲ್ಗಡೆ ತನ್ನ ಕೈಯಾರೆ ಸಹಿ ಹಾಕುತ್ತಿದ್ದವನು ಅದನ್ನೂ ಬಿಟ್ಟು, ಪೆನ್ನನ್ನು ನನ್ನ ಮೇಜಿಗೆ ತಳ್ಳಿದ. ಮುಖ ಗಂಟು ಹಾಕಿಕೊಂಡು ಮನೆಯಲ್ಲಿ ಕೂತ ಗಂಡಸನ್ನು ಸಹಿಸುವುದು ಎಷ್ಟು ಕಷ್ಟ ಎಂದು ನನ್ನನ್ನು ಕೇಳಿ.

ನಮ್ಮ ಕೋಲುಗಳ ವಿನ್ಯಾಸವೆಲ್ಲ ಈಗ ಮಗಳು ಬ್ರಿಟಾಳದ್ದು. ಅಪ್ಪನ ಕೈಗೆ ಒಗ್ಗುವ ಕೋಲು ಮಾಡಿಯೇ ತೀರುತ್ತೇನೆಂದು ಈ ಚಳಿಗಾಲದಲ್ಲಿ ಹಟ ಹಿಡಿದಳು. ಒಂದಕ್ಕಿಂತ ಒಂದು ಬಿಗಿಯಾಗಿ ಮಾಡಿದಳು. ದಾರ ಹಾಯುವ ಉಂಗುರಗಳನ್ನು ರೇಷ್ಮೆ ನೂಲಿನಿಂದ ಸುತ್ತಿ ಕೂರಿಸುವ ಕೆಲಸ ನನ್ನದು. ನಮ್ಮಲ್ಲಿ ಯಾವ ಕೋಲಾದರೂ ಹಿತ್ತಲ ಹುಲ್ಲಿನ ಮೇಲೆ ಪರೀಕ್ಷೆ ಪಾಸಾಗಬೇಕು: ಗಾಳದ ಬದಲು ಉಣ್ಣೆಯ ತುಣುಕು ಕಟ್ಟಿ, ದೂರದಲ್ಲಿಟ್ಟ ಕಾಫಿ ಕಪ್ಪಿಗೆ ಬೀಳಿಸಬೇಕು. ಹಾರ್ಲನ್ ಬೀಸಿದ. ಕೋಲು ಬಿಗಿಯಾದಂತೆಲ್ಲ ಉಣ್ಣೆ ಕಪ್ಪಿನಿಂದ ಇನ್ನೂ ದೂರ ಬಿತ್ತು.

"ಮೀನಿನ ಸೀಸನ್ ಶುರುವಾಗೋ ಶನಿವಾರದವರೆಗೂ ನೋಡ್ತೀನಿ," ಎಂದ. "ಅವತ್ತೂ ಆಗ್ಲಿಲ್ಲಾಂದ್ರೆ ನನ್ನ ನದಿ ಬೂಟು ಯಾರಿಗಾದ್ರೂ ಕೊಟ್ಬಿಡು, ಆರ್ಡಿಸ್."



ಬ್ರಿಟಾ ಅವನ ಮಣಿಕಟ್ಟಿಗೊಂದು, ಕೋಲಿನ ತುದಿಗೊಂದು ಕಂಪನ ಅಳೆಯುವ ಚಿಕ್ಕ ಯಂತ್ರ ಅಂಟಿಸಿ ನೋಡಿದಳು. ಆಮೇಲೆ ಅಡುಗೆಮನೆಗೆ ಬಂದು ಕೂತಳು.

"ಅಮ್ಮಾ, ಎಡವಟ್ಟು ನಮ್ದೇ. ಕೋಲು ಬೇಗ ನಿಲ್ಲಲಿ ಅಂತ ಒದ್ದಾಡಿದ್ವಿ. ಅಪ್ಪನ ಕೈ ನಿಲ್ಲಲ್ವಲ್ಲ? ಬಿಗಿ ಕೋಲಿನ ತಾಳ, ಆ ಕೈ ತಾಳ ಎರಡೂ ಹತ್ತತ್ರ ಇವೆ. ಉಯ್ಯಾಲೇನ ಸಮಯ ನೋಡಿ ತಳ್ಳಿದ ಹಾಗೆ, ಪ್ರತಿ ನಡುಕಕ್ಕೂ ತುದಿ ಇನ್ನಷ್ಟು ಕುಣಿಯುತ್ತೆ."

"ಈಗೇನ್ಮಾಡ್ತೀಯಾ?"

"ನಿಧಾನದ ಕೋಲು ಬೇಕು. ಅದು ಒಂದ್ಸಲ ಬಾಗೋ ಅಷ್ಟರಲ್ಲಿ ಕೈ ಮೂರ್ನಾಲ್ಕು ಸಲ ಆಚೀಚೆ ಹೋಗಿರುತ್ತೆ. ತುದಿಗೆ ಗೊತ್ತೂ ಆಗಲ್ಲ."

"ಗಾಜಿನ ನೂಲಿಂದಾ?"

"ಹೂಂ."

"ನಿಮ್ಮಪ್ಪನಿಗೆ ನೀನೇ ಹೇಳ್ಕೋ ತಾಯಿ. ನಾನಂತೂ ಹೇಳಲ್ಲ."

ಮೆತ್ತಗಿನ ಕೋಲು ನಿಲ್ಲಿಸಿದ ಮೇಲೂ ಬಾಲ ಅಲ್ಲಾಡಿಸುತ್ತದಲ್ಲ, ಅದಕ್ಕೆ ತುದಿ ಆದಷ್ಟು ಹಗುರವಾಗಿರಬೇಕಂತೆ. ಚಿಕ್ಕ ಉಂಗುರ ಹಾಕು, ನೂಲು ಕಡಿಮೆ ಸುತ್ತು, ವಾರ್ನಿಷ್ ತೆಳ್ಳಗೆ ಬಳಿ ಎಂದಳು. ನನ್ನ ಕೆಲಸ ನನಗೇ ಹೇಳಿಕೊಡಲು ಬಂದಳಲ್ಲ ಎಂದು ರೇಗಿತು. ಗೊಣಗುತ್ತಲೇ ಸುತ್ತಿದೆ.

ಶನಿವಾರ ಬೆಳಿಗ್ಗೆ ಹಾರ್ಲನ್ ಹಿತ್ತಲಿಗೆ ಬಂದು ಗಾಜಿನ ನೂಲಿನ ಹಳದಿ ಕೋಲನ್ನು ನೋಡಿದ.

"ಇದೇನಿದು, ನೂಡಲ್ಲಾ?"

"ಹೌದಪ್ಪಾ. ಬೇಯಿಸಿದ್ದು ನಾನೇ. ರುಚಿ ನೋಡು."

ಹಳೇ ಚಾಳಿಯಂತೆ ಚಟ್ಟನೆ ಬೀಸಿದ. ಉಣ್ಣೆ ಬಂದು ಅವನ ಟೋಪಿಯ ಮೇಲೆ ಕೂತಿತು. ನಾನು ನಗು ನುಂಗಿಕೊಂಡೆ, ಬ್ರಿಟಾ ನುಂಗಿಕೊಳ್ಳಲಿಲ್ಲ.

"ಅವಸರ ಮಾಡ್ಬೇಡಪ್ಪಾ. ಅದು ಬಾಗೋವರೆಗೂ ಕಾಯಿ."

ಅವನು ಕಾದ. ಕೋಲು ಹಿಡಿಯ ತನಕ ಬಾಗಿತು, ಎದ್ದಿತು. ದಾರ ಗೆರೆ ಎಳೆದಂತೆ ಬಿಚ್ಚಿಕೊಂಡು ಹೋಗಿ, ಉಣ್ಣೆ ಕಪ್ಪಿನ ಅಂಚಿಗೆ ತಾಗಿ ಒಳಗೆ ಬಿತ್ತು. ನಾನು ಅವನ ಕೈ ನೋಡಿದೆ. ಅದು ಮೊದಲಿನ ಹಾಗೇ ನಡುಗುತ್ತಿತ್ತು.

ಮತ್ತೆ ಬೀಸಿದ. ಮತ್ತೂ ಬೀಸಿದ.

"ಆರ್ಡಿಸ್, ಆ ಪೆನ್ನೆಲ್ಲಿ?"

ತಂದುಕೊಟ್ಟೆ. ಕೋಲನ್ನು ಮೊಣಕಾಲಿಗೆ ಒತ್ತಿ ಹಿಡಿದು ಸಹಿ ಹಾಕಿದ. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು.

"ಚೆನ್ನಾಗಿ ಬಂದಿಲ್ಲ. ನೀನೇ ಅಳಿಸಿ ಬರೆದ್ಬಿಡು," ಎಂದ.

ನಾನು ಅಳಿಸಲಿಲ್ಲ. ಅದರ ಮೇಲೆಯೇ ತೆಳ್ಳಗೆ ವಾರ್ನಿಷ್ ಬಳಿದೆ.

"ಒಣಗೋಕೆ ನಾಳೆವರೆಗೂ ಬೇಕು, ಮುಟ್ಬೇಡ," ಎಂದು ತಿರುಗಿ ನೋಡಿದರೆ, ಅವನು ಆಗಲೇ ಮೆಟ್ಟಿಲ ಮೇಲೆ ಕೂತು ನದಿ ಬೂಟು ಹಾಕಿಕೊಳ್ಳುತ್ತಿದ್ದ.

"ನದಿ ಗಾಳಿಗೆ ಒಣಗುತ್ತೆ ಬಿಡು," ಎಂದ.