ಸಾಹೇಬನ ಅರೆಹೊಟ್ಟೆ

ಎರಡು ಸಾವಿರದ ನಾಲ್ಕರಲ್ಲಿ ನಾನು ಅಡುಗೆಯವನಾಗಿ ಹೋದ ದ್ವೀಪದಲ್ಲಿ ಎಂಥಾ ಬಿಸಿಲೆಂದರೆ, ಕೋಳಿ ಇಡುವಾಗಲೇ ಮೊಟ್ಟೆ ಬೆಂದಿರುತ್ತಿತ್ತು. ಸಿಪ್ಪೆ ಸುಲಿಯುವುದೊಂದೇ ನನ್ನ ಕೆಲಸ. ಯಾವುದೋ ದೊಡ್ಡ ದೇಶ ಮೀನು ಹಿಡಿಯಲೆಂದು ಕಟ್ಟಿಕೊಂಡ ವಸಾಹತು ಅದು.

ಅಲ್ಲಿ ಒಂದು ಕಾನೂನಿತ್ತು. ಯಾರಿಲ್ಲದಿದ್ದರೆ ವಸಾಹತು ನಡೆಯುವುದಿಲ್ಲವೋ ಅಂಥ ಕೆಲಸಗಾರನಿಗೆ ಪೌರತ್ವ. ನಾವು ಕೇಳಬೇಕೆಂದಿಲ್ಲ, ಅವರೇ ಕೊಡುತ್ತಾರೆ. ಕೊಟ್ಟು ನಮ್ಮ ಪಾಸ್‌ಪೋರ್ಟು ಇಟ್ಟುಕೊಳ್ಳುತ್ತಾರೆ. ಪ್ರಜೆಯಾದವನು ದ್ವೀಪ ಬಿಡುವಂತಿಲ್ಲ. ಎಂಜಿನ್ ರಿಪೇರಿ ಮಾಡುವ ಗಂಗೊಳ್ಳಿಯ ಕುಷ್ಟ ಹಾಗೆಯೇ ಸಿಕ್ಕಿಬಿದ್ದಿದ್ದ.

ನನ್ನ ಕರಾರು ಮುಗಿದಿತ್ತು, ಹಡಗು ದಕ್ಕೆಯಲ್ಲಿತ್ತು. ನಮ್ಮೂರು ಬಿಜೂರಿನಲ್ಲಿ ಅಕ್ಕನ ಮಗಳು ವಿನಯಾಳ ಮದುವೆ. ಧಾರೆಗೆ ಸೋದರಮಾವ ನಾನೇ ನಿಲ್ಲಬೇಕು. ಅಷ್ಟರಲ್ಲಿ ಸುದ್ದಿ ಬಂತು: ನಾನು ಪೌರತ್ವಕ್ಕೆ ಲಾಯಕ್ಕೋ ಅಲ್ಲವೋ ನೋಡಲು ವಸಾಹತು ನಡೆಸುವ ಸಾಹೇಬನೇ ಊಟಕ್ಕೆ ಬರುತ್ತಾನಂತೆ.

"ಪಾಂಡು, ನೀನ್ ಚಂದ ಅಡ್ಗಿ ಮಾಡ್ರೆ ಕೆಟ್ಟೆ," ಎಂದ ಕುಷ್ಟ. "ಬಾಯಿಗಿಡ್ಕಾಗ್ದ ಹಾಂಗೆ ಮಾಡ್."

"ನಂಗೆ ಹಾಂಗ್ ಮಾಡುಕ್ ಬತ್ತಿಲ್ಲ ಮಾರಾಯ."

"ಎಂತಕ್ ಬತ್ತಿಲ್ಲ? ಬಾಂಬೆ ಹೋಟ್ಲಗೆ ನಿನ್ನ ಮೊದಲ್ನೇ ಸಾಂಬಾರ್ ನೆನಪ್ ಮಾಡ್ಕೋ. ಸೇಟು ಓಡ್ಸಿದ್ನಲೆ."

ಬಂಗುಡೆ ಸಾರಿಗೆ ಸಮುದ್ರವೇ ನಾಚುವಷ್ಟು ಉಪ್ಪು ಸುರಿದೆ. ಸಾಹೇಬ ಒಂದು ತುತ್ತು ಬಾಯಿಗಿಟ್ಟದ್ದೇ ತಡ, ಮೀಸೆಯಲ್ಲಿ ಉಪ್ಪಿನ ಹರಳು ಕಟ್ಟಿತು. ತಟ್ಟೆ ದೂಡಿದ. "ಇವನಿಲ್ಲದಿದ್ದರೂ ನಡೆಯುತ್ತದೆ. ಹಡಗು ಹತ್ತಲಿ," ಎಂದು ಗುಮಾಸ್ತನಿಗೆ ತನ್ನ ಭಾಷೆಯಲ್ಲಿ ಹೇಳಿ ಎದ್ದ. ಗುಮಾಸ್ತ ಅದನ್ನು ನನಗೆ ಹಿಂದಿಯಲ್ಲಿ ತಿಳಿಸಿದ. ನನ್ನ ಕಣ್ಣೆದುರು ಬಿಜೂರಿನ ಚಪ್ಪರವೇ ಎದ್ದು ನಿಂತಿತು.

ಆದರೆ ಉಣ್ಣಲು ಕೂತವನು ಅರೆಹೊಟ್ಟೆಯಲ್ಲಿ ಎದ್ದುಹೋದರೆ ನಮ್ಮ ಕಡೆ ಬಡಿಸಿದವನ ಮರ್ಯಾದೆ ಉಳಿಯುವುದಿಲ್ಲ. ನನ್ನ ಕಾಲು ನನ್ನ ಮಾತು ಕೇಳಲಿಲ್ಲ.

"ಹ್ವಾಯ್, ಕೂಕಣಿ. ಹಸ್ದ್ ಹೊಟ್ಟಿಯಗೆ ಹೋಪ್ಕಾಗ," ಎಂದು ನನಗಾಗಿ ಇಟ್ಟುಕೊಂಡಿದ್ದ ಗಂಜಿ, ಒಣ ಸಿಗಡಿ ಚಟ್ನಿ ತಂದಿಟ್ಟೆ. ಸಾಹೇಬನಿಗೆ ಮಾತು ತಿಳಿಯಲಿಲ್ಲ, ಪರಿಮಳ ತಿಳಿಯಿತು. ಕೂತ.

"ಸಾಕ್ ಮಾಡ್ ಪಾಂಡು, ಮತ್ ಹಾಕ್ಬೇಡ," ಎಂದು ಬಾಗಿಲ ಹಿಂದಿನಿಂದ ಕುಷ್ಟ ಪಿಸುಗುಟ್ಟಿದ. ಅಷ್ಟರಲ್ಲಿ ಸಾಹೇಬ ಬಟ್ಟಲು ಚಾಚಿದ. ಚಾಚಿದ ಬಟ್ಟಲಿಗೆ ಇಲ್ಲವೆನ್ನುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಬಡಿಸಿದೆ. ಮತ್ತೆ ಚಾಚಿದ, ಮತ್ತೆ ಬಡಿಸಿದೆ. ಕೊನೆಗೆ ಬೆರಳು ನೆಕ್ಕಿಕೊಂಡು ಸಾಹೇಬ ನನ್ನ ಪಾಸ್‌ಪೋರ್ಟು ಕೇಳಿದ.

"ಸಾಹೇಬ್ರೆ, ಊರಗೆ ಅಕ್ಕನ್ ಮಗಳ್ ಮದಿ ಇತ್ತ್," ಎಂದೆ. ಥ್ಯಾಂಕ್ಸ್ ಹೇಳಿದೆನೆಂದುಕೊಂಡು ಅವನು ಹೊಸ ಪ್ರಜೆಯ ಕೈ ಕುಲುಕಿ ಶುಭಾಶಯ ಹೇಳಿದ.

ದಕ್ಕೆಯಲ್ಲಿ ನಿಂತು ಹಡಗು ಸಣ್ಣದಾಗುವುದನ್ನು ನೋಡಿದೆವು.

"ಎಂತಕ್ ಬಡ್ಸ್ದೆ ಮಾರಾಯ?" ಎಂದ ಕುಷ್ಟ.

"ಹಸ್ದಿದ್ದ, ಕಾಣ್."

ಕುಷ್ಟ ನೀರಿನ ಕಡೆ ಮುಖ ತಿರುಗಿಸಿದ. ಅಷ್ಟರಲ್ಲಿ ಗುಮಾಸ್ತ ಓಡಿ ಬಂದ. ನಾಳೆ ಸಾಹೇಬನ ಹೆಂಡತಿ ಮಕ್ಕಳೂ ಊಟಕ್ಕೆ ಬರುತ್ತಾರಂತೆ. ಎಷ್ಟು ಜನವೆಂದು ಕೇಳಿಕೊಂಡು ನಾನು ಅಕ್ಕಿ ಅಳೆಯಲು ಹೋದೆ.