ಪೇದೆಯ ಫೋಟೋ, ನಿಧಿಯ ಲೆಕ್ಕ

ದೇಣಿಗೆ ಕೇಳುವವರು ಬಾಗಿಲಿಗೆ ಬಂದರೆ ಇಲ್ಲ ಎನ್ನಲು ನಮಗೆಲ್ಲ ಸಂಕೋಚ. ಸೈಕಲ್ ರಿಪೇರಿ ಅಂಗಡಿಯ ಯಜಮಾನನಿಗೂ ಹಾಗೆಯೇ. ಪೊಲೀಸ್ ಕುಟುಂಬಗಳ ಪರಿಹಾರ ನಿಧಿಯವರು ಎಂದು ಹೇಳಿಕೊಂಡು ಬಂದವರ ಕರಪತ್ರದಲ್ಲಿ ಪಕ್ಕದ ಬೀದಿಯ ಪೇದೆಯ ಫೋಟೋ ಇತ್ತು. ಕಳ್ಳನನ್ನು ಅಟ್ಟಿಸಿಕೊಂಡು ಹೋಗಿ ಮಹಡಿಯಿಂದ ಬಿದ್ದು, ಕಾಲಿನ ಸ್ವಾಧೀನ ಕಳೆದುಕೊಂಡವನು. ಯಜಮಾನ ಹಿಂದೆಮುಂದೆ ನೋಡದೆ ಕೊಟ್ಟ. ತಿಂಗಳು ತಿಂಗಳು ಕೊಡುತ್ತಲೇ ಬಂದ.

ಒಂದು ಬೆಳಿಗ್ಗೆ ಪೇದೆಯ ಹೆಂಡತಿ ಗಂಡನ ಖಾಲಿ ಗಾಲಿಕುರ್ಚಿ ತಳ್ಳಿಕೊಂಡು ಅಂಗಡಿಗೆ ಬಂದಳು. ಒಂದು ಚಕ್ರ ತಿರುಗುತ್ತಿರಲಿಲ್ಲ.

"ಅಣ್ಣಾ, ಇದನ್ನ ಸ್ವಲ್ಪ ಸರಿ ಮಾಡ್ಕೊಡಿ. ದುಡ್ಡು ಮುಂದಿನ ತಿಂಗಳು ಕೊಡ್ತೀನಿ."

ಅಂಗಡಿ ತುಂಬ ಗಿರಾಕಿಗಳು. ಯಜಮಾನ ನಕ್ಕ. "ಏನಮ್ಮ, ಊರೆಲ್ಲ ನಿಮ್ಮನೆಗೆ ದುಡ್ಡು ಸುರೀತಾ ಇದೆ. ನಿಮಗೂ ಸಾಲಾನಾ?"

ಗಿರಾಕಿಗಳೂ ನಕ್ಕರು. ಅವಳು ಕುರ್ಚಿ ತಿರುಗಿಸಿಕೊಂಡು ಹೊರಟುಹೋದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಯಜಮಾನ ಇದನ್ನು ತಮಾಷೆಯಾಗಿ ಹೇಳಿದ. ಮಹಿಳಾ ಸಂಘದ ಖಜಾಂಚಿಯಾದ ಅವನ ಹೆಂಡತಿ ನಗಲಿಲ್ಲ.

"ಅವರಿಗೆ ಎಷ್ಟು ಸೇರ್ತು ಅಂತ ಕೇಳಿದ್ರಾ?"

"ಪೊಲೀಸರ ಹೆಸರಲ್ಲಿ ಕೇಳೋರು ಮೋಸ ಮಾಡ್ತಾರೇನೇ?"

"ನಮ್ಮ ಸಂಘದಲ್ಲಿ ಟೀ ಖರ್ಚಿಗೂ ಲೆಕ್ಕ ಓದಿ ಹೇಳ್ತೀವಿ. ಇವರು ಯಾವತ್ತಾದ್ರೂ ಹೇಳಿದ್ದಾರಾ? ಫೋನ್ ಮಾಡಿ, ಕೇಳಿ."

ಮಾಡಿದ. ದೇಣಿಗೆ ಕೇಳುವಾಗ ಜೇನಿನಂತಿದ್ದ ದನಿ ಈಗ ತಡವರಿಸಿತು. ಬಿಡದೆ ಕೇಳಿದ ಮೇಲೆ ಹೇಳಿತು: ನೂರಕ್ಕೆ ಹನ್ನೆರಡು ಮಾತ್ರ ಕುಟುಂಬಗಳಿಗೆ. ಉಳಿದದ್ದು ವಸೂಲಿ ಮಾಡುವ ಕಂಪನಿಗೆ, ಕಚೇರಿ ಬಾಡಿಗೆಗೆ, ಸಂಬಳಕ್ಕೆ. ಲೆಕ್ಕಪತ್ರ ಕಳಿಸಿ ಎಂದದ್ದೇ ತಡ, ಫೋನ್ ಕಟ್ಟಾಯಿತು.

ಯಜಮಾನ ಊಟ ಅರ್ಧಕ್ಕೇ ಬಿಟ್ಟು ಎದ್ದ. ಕೈತೊಳೆದು, ಸ್ಪ್ಯಾನರ್ ಹಿಡಿದು ಪೇದೆಯ ಮನೆಗೆ ಹೋದ. ಪೇದೆ ಗೋಡೆಯ ಕಡೆ ತಿರುಗಿ ಮಲಗಿದ್ದ.

"ಆ ನಿಧಿಯವರು ಆಸ್ಪತ್ರೆಗೆ ಒಂದು ಚೀಲ ಹಣ್ಣು ತಂದ್ರು, ಫೋಟೋ ತೆಗೆದ್ರು, ಅಷ್ಟೇ. ನನ್ನ ಮುಖ ನೋಡಿ ಜನ ಕೊಡ್ತಿದ್ದಾರೆ ಅಂತ ಗೊತ್ತಾದಾಗಿಂದ ಬೀದಿಗೆ ಬರೋಕೆ ನಾಚಿಕೆ."

"ನಾಚಿಕೆಪಡಬೇಕಾದವನು ನಾನಪ್ಪ," ಎಂದ ಯಜಮಾನ. ನೆಲದ ಮೇಲೆ ಕೂತು ಚಕ್ರ ಬಿಚ್ಚಿದ. ಪೇದೆಯ ಹೆಂಡತಿ ನೀರು ತಂದಿಟ್ಟಾಗ ಅವನಿಗೆ ತಲೆ ಎತ್ತಲಾಗಲಿಲ್ಲ. "ತಂಗೀ, ನಾಲ್ಕು ಜನರ ಮುಂದೆ ಅಂದ್ಬಿಟ್ಟೆ. ತಪ್ಪಾಯ್ತು ಅಂತಾನೂ ಅವರ ಮುಂದೇನೇ ಹೇಳ್ತೀನಿ."

ಹೇಳಿದ. ನಿಧಿಯ ಲೆಕ್ಕ ಕೇಳಿ, ಅಂದು ನಕ್ಕವರಲ್ಲಿ ಹಲವರು ತಾವೂ ಅದಕ್ಕೆ ಕೊಟ್ಟಿದ್ದೇವೆ ಎಂದರು. ಎಲ್ಲರೂ ಸೇರಿ ದೂರು ಕೊಟ್ಟರು. ವಿಚಾರಣೆ ಶುರುವಾಗಿದೆ. ಆದರೂ ಪೇದೆಯ ಹೆಂಡತಿ ಈಗ ಅಂಗಡಿಗೆ ಬಂದರೆ, ಮೊದಲು ದುಡ್ಡು ಮೇಜಿನ ಮೇಲಿಟ್ಟು ಆಮೇಲೆ ಕೆಲಸ ಹೇಳುತ್ತಾಳೆ. ಬೇಡ ಎಂದರೂ ಕೇಳುವುದಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ಕೊಡುವುದನ್ನು ನಿಲ್ಲಿಸಬೇಡಿ. ಕೊಡುವ ಮುಂಚೆ ಕೇಳಿ. ನಿಧಿ ನೋಂದಣಿ ಆಗಿದೆಯೇ? ಹೋದ ವರ್ಷದ ಲೆಕ್ಕವನ್ನು ಹೊರಗಿನವರು ತಪಾಸಣೆ ಮಾಡಿದ್ದಾರೆಯೇ? ನೂರಕ್ಕೆ ಎಷ್ಟು ಕುಟುಂಬಗಳಿಗೆ ಸೇರುತ್ತದೆ? ಉತ್ತರ ಬಾರದಿದ್ದರೆ ಕೊಡಬೇಡಿ. ಯಾರ ಹೆಸರಲ್ಲಿ ಕೇಳುತ್ತಾರೋ ಅವರು ನಿಮ್ಮ ಪಕ್ಕದ ಬೀದಿಯಲ್ಲೇ ಇದ್ದರೆ, ಹೋಗಿ ಆ ಮನೆಯ ಬಾಗಿಲನ್ನೇ ತಟ್ಟಿ.