ಪೇಜು ನೀನೇ ಇಟ್ಕೋ

೧

ಎಲ್ಲಿಂದ ಶುರು ಮಾಡೋಣ, ನೀವೇ ಹೇಳಿ. ಓಟಿಪಿಯಿಂದ ಶುರು ಮಾಡಿದರೆ ಬ್ಯಾಂಕಿನ ಗೋಡೆಗೆ ಅಂಟಿಸಿದ ಪೋಸ್ಟರಿನ ಹಾಗಾಗುತ್ತದೆ. ಕಣ್ಣೀರಿನಿಂದ ಶುರು ಮಾಡಿದರೆ ಟೀವಿ ಧಾರಾವಾಹಿ. ಕಥೆ ಕೇಳಿದ ಸಂಪಾದಕರು ಫೋನಿನಲ್ಲೇ ಹೇಳಿಬಿಟ್ಟಿದ್ದರು: "ದುಡ್ಡಿನ ತಿಳಿವಳಿಕೆ ಇರಲಿ, ದುಡಿಮೆ ಇರಲಿ, ಮನೋಧೈರ್ಯ ಇರಲಿ, ಆನ್‌ಲೈನ್ ಎಚ್ಚರ ಅಂತೂ ಇರಲೇಬೇಕು. ಆದರೆ ಉಪದೇಶ ಮಾತ್ರ ಬೇಡ." ಅಂದರೆ ಉಪ್ಪು, ಹುಳಿ, ಖಾರ ಎಲ್ಲ ಇರಬೇಕು, ಒಲೆ ಹಚ್ಚಿದ್ದು ಗೊತ್ತಾಗಬಾರದು.

ಮೊದಲ ಕರಡು ಹೀಗೆ ಶುರುವಾಯಿತು: "ಒಂದು ಊರಿನಲ್ಲಿ ಒಬ್ಬ ಮುಗ್ಧ ಹೆಂಗಸು..."

ಅಲ್ಲಿಗೇ ಕಥೆಯ ಆ ಹೆಂಗಸೇ ಬಾಯಿ ಹಾಕಿದಳು. "ಮುಗ್ಧ ಅಂತ ಯಾಕೆ ಬರೀತೀರಿ? ಊರವರ ಸೋಫಾ ಬಿಚ್ಚಿ ಒಳಗೆ ಏನೇನು ಅವಿತಿದೆ ಅಂತ ಇಷ್ಟು ವರ್ಷ ನೋಡಿದೋಳು ನಾನು. ಮುಗ್ಧ ಅಂತೆ ಮುಗ್ಧ!"

(ಹರಿದು ಹಾಕಿದೆ. ಈಗ ಸರಿಯಾಗಿ ಹೇಳುತ್ತೇನೆ.)

೨

ಅವಳದು ಸೋಫಾ ರಿಪೇರಿ ಅಂಗಡಿ. ಬೀದಿಗೆ ತೆರೆದುಕೊಂಡ ಎರಡು ಕೋಣೆ. ಮುಂದಿನದರಲ್ಲಿ ಬಟ್ಟೆ ಸುಲಿಸಿಕೊಂಡು ಎಲುಬು ತೋರಿಸುತ್ತ ನಿಂತ ಸೋಫಾಗಳು, ಹಿಂದಿನದರಲ್ಲಿ ಫೋಮಿನ ಹಾಳೆಗಳು, ರೆಕ್ಸಿನ್ ಸುರುಳಿಗಳು, ಮೂಲೆಯಲ್ಲಿ ಅಕ್ಕನ ಹೊಲಿಗೆ ಮಿಷನ್ನು. ಬಟ್ಟೆ ಕತ್ತರಿಸಿ ಹೊಲಿಯುವುದು ಅಕ್ಕ. ಪಟ್ಟಿ ಬಿಗಿಯುವುದು, ಸ್ಪ್ರಿಂಗ್ ಕಟ್ಟುವುದು, ಮೊಳೆ ಹೊಡೆಯುವುದು ಇವಳು. ಯಾವ ಸೋಫಾ ಬಂದರೂ ಒಂದೊಂದೇ ಸ್ಪ್ರಿಂಗನ್ನು ಅಂಗೈಯಿಂದ ಒತ್ತಿ, ಕಿವಿಗೊಟ್ಟು ಕೇಳಿ, ಆಮೇಲೇ ರೇಟು ಹೇಳುತ್ತಿದ್ದಳು. ಹಾಗಾಗಿ ಗಿರಾಕಿಗಳ ಬಾಯಲ್ಲಿ ಸ್ಪ್ರಿಂಗಮ್ಮ ಆದಳು.

ಚೌಕಾಸಿಗೆ ಅವಳ ಹತ್ತಿರ ಒಂದೇ ಉತ್ತರ. "ಕಡಿಮೆ ಮಾಡ್ಕೊಡ್ತೀನಿ. ಯಾವ ಸೀಟಿನ ಸ್ಪ್ರಿಂಗ್ ಬಿಡ್ಲಿ ಹೇಳಿ. ಬೀಗರು ಕೂರೋ ಸೀಟಿಂದಾ?"

ನಾಲ್ಕು ವರ್ಷದ ಹಿಂದೆ ಅವಳು ಫೋನಿನಲ್ಲಿ ಅಂಗಡಿಗೊಂದು ಪೇಜು ಮಾಡಿದ್ದಳು. ಇಲಿ ಕಡಿದ ಸೋಫಾದ ಫೋಟೋ, ಪಕ್ಕದಲ್ಲೇ ಮದುವಣಗಿತ್ತಿಯ ಹಾಗೆ ಸಿಂಗರಿಸಿಕೊಂಡು ಕೂತ ಅದೇ ಸೋಫಾ. ಈಗ ಅರ್ಧ ಕೆಲಸ ಅಲ್ಲಿಂದಲೇ ಬರುತ್ತಿತ್ತು. ಅಕ್ಕ ಮಾತ್ರ ಮೂಗು ಮುರಿಯುತ್ತಿದ್ದಳು. "ಕೆಲಸ ಕೈಯಲ್ಲಿರಬೇಕು ಕಣೇ, ಫೋನಲ್ಲಲ್ಲ."

೩

ಒಂದು ಮಧ್ಯಾಹ್ನ. ಸ್ಪ್ರಿಂಗಮ್ಮನ ಬಾಯಿ ತುಂಬ ಸಣ್ಣ ಮೊಳೆ. ಫೋನು ಟಿಂಗ್ ಅಂತು. ಮೆಸೇಜು ಬ್ಯೂಟಿ ಪಾರ್ಲರಿನಾಕೆಯದು. ಹಳೇ ಗಿರಾಕಿ, ಹೋದ ತಿಂಗಳಷ್ಟೇ ಇವಳು ಆಕೆಯ ಪಾರ್ಲರಿನ ಕುರ್ಚಿಗಳಿಗೆಲ್ಲ ಹೊಸ ರೆಕ್ಸಿನ್ ಹಾಕಿಕೊಟ್ಟಿದ್ದಳು.

"ಅಕ್ಕಾ, ಮಗಳು ಡ್ಯಾನ್ಸ್ ಸ್ಪರ್ಧೇಲಿ ಇದ್ದಾಳೆ, ಓಟು ಹಾಕಿ. ನಿಮಗೊಂದು ನಂಬರ್ ಬರುತ್ತೆ, ಅದನ್ನ ನನಗೆ ಕಳಿಸಿಬಿಡಿ."

ಆ ಹುಡುಗಿ ಕುಣಿಯುವುದನ್ನು ಇವಳೇ ನೋಡಿದ್ದಳು. ನಂಬರ್ ಬಂತು, ಕಳಿಸಿದಳು.

(ಓದುಗರೇ, "ಅಯ್ಯೋ, ಕಳಿಸಬಾರದಿತ್ತು" ಅಂದಿರಿ ತಾನೆ? ಕಾಲು ಚಾಚಿ ಓದುವವರಿಗೆ ಎಲ್ಲವೂ ಹೊಳೆಯುತ್ತದೆ. ಬಾಯಲ್ಲಿ ಮೊಳೆ ಇಟ್ಟುಕೊಂಡು ಓದಿ ನೋಡಿ.)

ಪಾರ್ಲರಿನಾಕೆಯ ಅಕೌಂಟು ಹಿಂದಿನ ದಿನವೇ ಕಳ್ಳರ ಪಾಲಾಗಿತ್ತು. ಆ ನಂಬರು ಸ್ಪ್ರಿಂಗಮ್ಮನ ಪೇಜಿನ ಬೀಗದ ಕೈ. ಸಂಜೆ ಫೋಟೋ ಹಾಕಲು ಹೋದರೆ ಪೇಜು ಅವಳನ್ನೇ "ಯಾರು ನೀವು?" ಅಂತು. ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡು ಫೋನು ಬದಿಗಿಟ್ಟು, ಅರ್ಧ ಬಿಟ್ಟ ಸೀಟಿಗೆ ಕೈಹಾಕಿದಳು.

೪

ಎರಡು ದಿನ ಬಿಟ್ಟು ಒಬ್ಬ ನರ್ಸ್ ಬಂದಳು. ಡ್ಯೂಟಿ ಮುಗಿಸಿ ನೇರ ಬಂದಿದ್ದಳು, ಯೂನಿಫಾರ್ಮ್ ಮೇಲೊಂದು ಸ್ವೆಟರ್.

"ಕುರ್ಚಿ ತಗೊಂಡು ಹೋಗೋಕೆ ಯಾವಾಗ ಬರ್ತೀರಾ? ನಮ್ಮಮ್ಮ ಮಲಗಿದ್ರೆ ಉಸಿರು ಕಟ್ಟುತ್ತೆ, ಆ ಕುರ್ಚೀಲೇ ಒರಗಿ ನಿದ್ದೆ ಮಾಡೋದು. ಸೀಟು ಕುಸಿದು ಹೋಗಿದೆ."

"ಯಾವ ಕುರ್ಚಿನಮ್ಮಾ?"

"ನಿನ್ನೆ ಅಷ್ಟೊತ್ತು ಮೆಸೇಜಲ್ಲಿ ಮಾತಾಡಿದ್ವಲ್ಲ! ಪೂರ್ತಿ ದುಡ್ಡು ಮೊದಲೇ ಕಳಿಸಿದ್ರೆ ಅರ್ಧ ರೇಟು ಅಂದ್ರಿ. ಕಳಿಸ್ದೆ."

ನರ್ಸ್ ಫೋನು ಚಾಚಿದಳು. ಅದೇ ಅಂಗಡಿ, ಸ್ಪ್ರಿಂಗಮ್ಮನದೇ ಫೋಟೋ. ಕೆಳಗೆ "ಪ್ರಿಯ ಗ್ರಾಹಕರೇ, ಸುವರ್ಣಾವಕಾಶ" ಅಂತಿತ್ತು. ಜನ್ಮದಲ್ಲಿ ಯಾರನ್ನೂ ಪ್ರಿಯ ಗ್ರಾಹಕರೇ ಅಂದವಳಲ್ಲ ಅವಳು. ಯಾರೋ ತನ್ನ ಬಟ್ಟೆ ಉಟ್ಟುಕೊಂಡು, ತನ್ನ ಹಾಗೇ ಕೈಬೀಸಿಕೊಂಡು, ಬೀದಿ ಬೀದಿ ತಿರುಗುತ್ತಿದ್ದಾರೆ ಅನ್ನಿಸಿತು.

(ಇಲ್ಲಿ ನಾನು "ಅವಳು ಸೋಫಾದ ಮೇಲೆ ಕುಸಿದು ಬಿದ್ದಳು" ಅಂತ ಬರೆದಿದ್ದೆ. "ಅದರಲ್ಲಿ ಇನ್ನೂ ಸ್ಪ್ರಿಂಗ್ ಕೂರಿಸಿರಲಿಲ್ಲ. ಬಿದ್ದಿದ್ರೆ ಸೊಂಟ ಮುರೀತಿತ್ತು" ಅಂದಳು. ಹೊಡೆದು ಹಾಕಿದೆ.)

ಅಕ್ಕ ಮಿಷನ್ನಿನ ಹಿಂದಿನಿಂದ ಕಣ್ಣಲ್ಲೇ ಹೇಳುತ್ತಿದ್ದಳು: ನಮ್ಮದಲ್ಲ ಅನ್ನು. ಒಂದೇ ಮಾತು. ಹೇಳಿದ್ದರೆ ನಡೆದುಬಿಡುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಸ್ಪ್ರಿಂಗಮ್ಮ ನರ್ಸ್‌ನ ಕಣ್ಣಿನ ಕೆಳಗಿನ ಕಪ್ಪು ನೋಡಿದಳು. ಅದು ಅಮ್ಮನ ಕುರ್ಚಿಯ ಪಕ್ಕ ಕೂತು ಕಳೆದ ನಿದ್ದೆಯ ಲೆಕ್ಕ.

"ಪೇಜು ನಮ್ಮದೇ," ಅಂದಳು ಸ್ಪ್ರಿಂಗಮ್ಮ. "ಆದ್ರೆ ನಿಮ್ಮ ಜೊತೆ ಮಾತಾಡಿದ್ದು ನಾನಲ್ಲ. ನಂಬರ್ ಕೊಟ್ಟು ಪೇಜು ಕಳ್ಕೊಂಡಿದ್ದೀನಿ, ಈಗ ಗೊತ್ತಾಗ್ತಿದೆ. ಮೊದಲು ಬ್ಯಾಂಕಿಗೆ ಫೋನ್ ಮಾಡಿ, ದೂರು ಕೊಡಿ. ಆಮೇಲೆ ನನ್ನನ್ನ ಬೈಯಿರಿ. ಬೈಗುಳ ಕಾಯುತ್ತೆ, ದುಡ್ಡು ಕಾಯಲ್ಲ."

ನರ್ಸ್ ಬೋಳು ಸೋಫಾದ ಕೈಮೇಲೆ ಕೂತು ಬ್ಯಾಂಕಿಗೆ ಫೋನ್ ಮಾಡಿದಳು, ಪೊಲೀಸರಿಗೆ ದೂರು ಕೊಟ್ಟಳು. ಆಮೇಲೆ ಬೈದಳು. ಚೆನ್ನಾಗಿಯೇ ಬೈದಳು. ಸ್ಪ್ರಿಂಗಮ್ಮ ನಿಂತು ಪೂರ್ತಿ ಕೇಳಿಸಿಕೊಂಡಳು.

"ಕಳ್ಳ ತಗೊಂಡಿದ್ದನ್ನ ನಾನು ಕಟ್ಟಿಕೊಡಲ್ಲ," ಅಂದಳು ಕೊನೆಗೆ. "ಅದು ನನ್ನ ಕೈಲಿ ಆಗಲ್ಲ, ಆಗುತ್ತೆ ಅಂತ ಸುಳ್ಳೂ ಹೇಳಲ್ಲ. ಆದ್ರೆ ಕುರ್ಚಿ ಕಳಿಸಿ. ಸಾಮಾನಿನ ಖರ್ಚು ನಿಮ್ಮದು, ಕೈಕೆಲಸ ನನ್ನದು."

ನರ್ಸ್ ಹೋದಮೇಲೆ ಅಕ್ಕನ ಸರದಿ. "ಧರ್ಮಛತ್ರ ತೆಗೆದಿದ್ದೀಯಾ? ನಾಳೆ ಊರೇ ಬರುತ್ತೆ ನೋಡ್ತಿರು."

"ಊರಿಗೆಲ್ಲ ಕೊಟ್ಟ ಮಾತಲ್ಲಕ್ಕಾ. ಆ ಅಮ್ಮನಿಗೆ ನಿದ್ದೆ ಬರಬೇಕು, ಅಷ್ಟೇ."

೫

ಈಗ ಕಳ್ಳ ಫೋನ್ ಮಾಡುತ್ತಾನೆ. ನಿಮಗೆ ಎರಡು ಮುಕ್ತಾಯ ತಯಾರು ಮಾಡಿಟ್ಟಿದ್ದೇನೆ.

(ಅ) ಅವಳು ದುಡ್ಡು ಕಳಿಸುತ್ತಾಳೆ, ಅವನು ಇನ್ನಷ್ಟು ಕೇಳುತ್ತಾನೆ. ಕರುಣಾರಸ.

(ಆ) ಅವಳು ಉಪಾಯವಾಗಿ ಮಾತಿಗೆಳೆದು ಪೊಲೀಸರಿಗೆ ಹಿಡಿದುಕೊಡುತ್ತಾಳೆ. ಸಿನಿಮಾ ಆಗಬಹುದು, ನನಗೂ ನಾಲ್ಕು ಕಾಸು.

"ಎರಡೂ ನಾನು ಮಾಡಿಲ್ಲ," ಅಂದಳು. ಸರಿಯಮ್ಮ, ನಡೆದದ್ದೇ ಹೇಳೋಣ.

ದನಿ ಸಣ್ಣ ವಯಸ್ಸಿನದು, ಬಹಳ ಮರ್ಯಾದೆಯದು. "ಮೇಡಂ, ನಾಲ್ಕು ವರ್ಷದ ನಿಮ್ಮ ಶ್ರಮ ಇದೆ ಇದರಲ್ಲಿ. ಸಂಜೆಯೊಳಗೆ ದುಡ್ಡು ಹಾಕಿದ್ರೆ ಪೇಜು ವಾಪಸ್. ಇಲ್ಲಾಂದ್ರೆ ಎಲ್ಲ ಡಿಲೀಟ್ ಮಾಡಿಬಿಡ್ತೀನಿ."

ಅವಳು ಫೋನನ್ನು ಸ್ಪೀಕರಿಗೆ ಹಾಕಿ ಫೋಮಿನ ಮೇಲಿಟ್ಟಳು. ಅಕ್ಕನ ಮಿಷನ್ನು ನಿಂತಿತು. ಗಾಳಿಯ ಒತ್ತಡದಲ್ಲಿ ಪಿನ್ನು ಹೊಡೆಯುವ ಹೊಸ ಏರ್ ಸ್ಟೇಪ್ಲರಿಗೆಂದು ಕೂಡಿಟ್ಟ ದುಡ್ಡು ಸ್ಪ್ರಿಂಗಮ್ಮನ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಫೋಟೋಗಳು. ಮೊದಲ ಸಲ ಒಬ್ಬಳೇ ಮಾಡಿದ ಹಸಿರು ದಿವಾನ್ ಸೋಫಾ. ಆ ಫೋಟೋ ಪೇಜಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

"ದುಡ್ಡು ಕೊಟ್ರೆ ಖಂಡಿತ ವಾಪಸ್ ಕೊಡ್ತೀರಾ?"

"ಗ್ಯಾರಂಟಿ ಮೇಡಂ."

"ಕಳ್ಳತನಕ್ಕೂ ಗ್ಯಾರಂಟಿನಾ? ನಾನು ಸೋಫಾಕ್ಕೇ ಒಂದು ವರ್ಷದ ಮೇಲೆ ಕೊಡಲ್ಲ."

ಅಕ್ಕ ಬಾಯಿಗೆ ಬಟ್ಟೆ ಅಡ್ಡ ಹಿಡಿದಳು. ಆ ಕಡೆ ಮರ್ಯಾದೆ ಕಳಚಿಬಿತ್ತು. "ಏನಮ್ಮಾ, ತಮಾಷೆ ಮಾಡ್ತಿದ್ದೀಯಾ? ನಿನ್ನ ಮಾನ ಹರಾಜು ಹಾಕ್ತೀನಿ."

"ಹಾಕಪ್ಪ. ಪೇಜು ನೀನೇ ಇಟ್ಕೋ. ಅದರಲ್ಲಿರೋ ಸೋಫಾ ಒಂದನ್ನಾದ್ರೂ ಕಟ್ಟೋಕೆ ಬರುತ್ತಾ ನಿನಗೆ?"

ಕಟ್ ಮಾಡಿದಳು. ಆಮೇಲೆ ಬಹಳ ಹೊತ್ತು ಮೊಳೆ ಹಿಡಿಯಲಾಗಲಿಲ್ಲ, ಕೈ ಅಷ್ಟು ನಡುಗುತ್ತಿತ್ತು. ಅಕ್ಕ ನೀರು ತಂದುಕೊಟ್ಟಳು.

"ನಡುಗಿದ್ದು ಬರೀಬೇಡಿ," ಅಂತ ನನಗೆ ತಾಕೀತು ಮಾಡಿದಳು.

"ಬರೀತೀನಿ," ಅಂದೆ.

"ಹಾಗಾದ್ರೆ ನಡುಗೋ ಕೈಯಲ್ಲೇ ಕಟ್ ಮಾಡಿದೆ ಅಂತಾನೂ ಬರೀರಿ."

(ಬರೆದಿದ್ದೇನೆ.)

೬

ಅವತ್ತೇ ಅಕ್ಕನ ಫೋನಿನಲ್ಲಿ ವಿಡಿಯೋ ಮಾಡಿದರು. ಹಿಡಿದವಳು ಅಕ್ಕ, ಅರ್ಧದಲ್ಲಿ ತನ್ನ ಹೆಬ್ಬೆರಳನ್ನೂ ಚಿತ್ರದೊಳಗೆ ಹಿಡಿದಿದ್ದಾಳೆ. ಸ್ಪ್ರಿಂಗಮ್ಮ ಕೂದಲು ಕೂಡ ಸರಿಮಾಡಿಕೊಳ್ಳದೆ ಹೇಳಿದಳು: "ಆ ಪೇಜಿಂದ ಆಫರ್ ಬಂದ್ರೆ ಅದು ನಾನಲ್ಲ. ಸೋಫಾ ಒತ್ತಿ ನೋಡದೆ ನಾನು ಯಾರ ಹತ್ರಾನೂ ದುಡ್ಡು ಮುಟ್ಟಿಲ್ಲ. ಪೇಜಿನ ನಂಬರ್ ಕೊಟ್ಟಿದ್ದು ಮಾತ್ರ ನಾನೇ. ಬಾಯಲ್ಲಿ ಮೊಳೆ ಇತ್ತು, ತಲೆ ಎಲ್ಲಿತ್ತೋ ಗೊತ್ತಿಲ್ಲ. ನಿಮ್ಮನ್ನ ಯಾರೇ ನಂಬರ್ ಕೇಳಲಿ, ತಂಗಿಯೇ ಕೇಳಲಿ, ಮೊದಲು ಫೋನ್ ಮಾಡಿ ದನಿ ಕೇಳಿ."

ಗಿರಾಕಿಗಳಿಗೆಲ್ಲ ಅದು ಹೋಯಿತು. ಪಾರ್ಲರಿನಾಕೆ ಅಳುತ್ತ ಓಡಿಬಂದಳು. "ನನ್ನಿಂದಾನೇ ಅಕ್ಕಾ ಇದೆಲ್ಲ!"

"ನೀನು ನಂಬರ್ ಯಾರಿಗೆ ಕೊಟ್ಟೆ?"

"ನಮ್ಮ ನಾದಿನಿ ಅಂದ್ಕೊಂಡು..."

"ನಾದಿನಿ?"

"ಅವಳು ಅವಳ ಮೇಷ್ಟರು ಅಂದ್ಕೊಂಡು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿ, ನಗು ತಡೆಯಲಾಗದೆ ನಕ್ಕರು. ಆಮೇಲೆ ತಲೆಗೆ ತಲೆ ತಾಗಿಸಿ ಕೂತು ಫೋನುಗಳಿಗೆ ಪಾಸ್‌ವರ್ಡು, ಅದರ ಮೇಲೊಂದು ಪಿನ್ನು ಅಂತ ಎರಡೆರಡು ಬೀಗ ಹಾಕಿದರು. ಅಕ್ಕ ತನ್ನ ಪಾಸ್‌ವರ್ಡು ಟೈಪ್ ಮಾಡುವಾಗ ಗೋಡೆಗೆ ತಿರುಗಿ ನಿಂತಳು. "ನನಗಾದ್ರೂ ಹೇಳೇ, ಮರೆತುಹೋದ್ರೆ?" ಅಂದಳು ಸ್ಪ್ರಿಂಗಮ್ಮ.

"ನಿನಗಂತೂ ಹೇಳಲ್ಲಮ್ಮ, ನೀನು ಕೇಳಿದವರಿಗೆಲ್ಲ ಕೊಡ್ತೀಯ."

೭

ಸಂಪಾದಕರು ಕೇಳಿದರು: "ಕೊನೆಗೆ ಗೆದ್ದಳೋ ಸೋತಳೋ?"

ನರ್ಸ್‌ನ ದುಡ್ಡಿನಲ್ಲಿ ಸ್ವಲ್ಪವನ್ನು ಬ್ಯಾಂಕಿನವರು ದಾರಿಯಲ್ಲೇ ತಡೆಹಿಡಿದಿದ್ದಾರಂತೆ, ಕೈಗೆ ಬಂದಿಲ್ಲ. ಪೇಜು ಒಂದು ದಿನ ಮಾಯವಾಯಿತು. ಕಳ್ಳ ಅಳಿಸಿದನೋ, ಜನರ ದೂರಿಗೆ ಕಂಪನಿಯವರು ಮುಚ್ಚಿದರೋ ಗೊತ್ತಿಲ್ಲ. ಹಸಿರು ದಿವಾನ್ ಸೋಫಾದ ಫೋಟೋ ಅದರ ಜೊತೆಗೇ ಹೋಯಿತು. ಹೊಸ ಪೇಜಿಗೆ ಜನ ಇನ್ನೂ ಬರುತ್ತಿದ್ದಾರೆ, ಒಬ್ಬೊಬ್ಬರಾಗಿ. ಕುರ್ಚಿ ಮಾತ್ರ ಸಿದ್ಧವಾಯಿತು. ನರ್ಸ್‌ನ ಅಮ್ಮ ಅದರಲ್ಲಿ ಕೂತು, ಎರಡು ಸಲ ಮೇಲೆ ಕೆಳಗೆ ಮಾಡಿ, "ತುಂಬಾ ಗಟ್ಟಿಯಾಯ್ತಲ್ಲಮ್ಮ" ಅಂದರು. ಬೈದುಕೊಂಡೇ ಹಾಗೇ ನಿದ್ದೆಹೋದರು.

ಇದರಲ್ಲಿ ಗೆಲುವು ಯಾವುದು, ಸೋಲು ಯಾವುದು? ಅವಳನ್ನೇ ಕೇಳೋಣ ಎಂದು ಅಂಗಡಿಗೆ ಹೋದೆ. ಮೂರು ಸೀಟಿನ ಸೋಫಾಕ್ಕೆ ಬಟ್ಟೆ ಹಾಸಿದ್ದಳು. ಅಕ್ಕ ಬ್ಯಾಂಕಿಗೆ ಹೋಗಿದ್ದಳು.

"ಒಂದು ಮುಕ್ತಾಯ ಬೇಕಿತ್ತು," ಅಂದೆ.

"ಪೆನ್ನು ಜೇಬಿಗೆ ಹಾಕಿ. ಆ ಕಡೆ ಅಂಚು ಎಳೆದು ಹಿಡ್ಕೊಳ್ಳಿ. ಇನ್ನೂ ಬಿಗಿಯಾಗಿ. ಬಿಟ್ರೆ ಸುಕ್ಕು ಬೀಳುತ್ತೆ."

ಹಿಡಿದುಕೊಂಡೆ. ಎರಡೂ ಕೈ ಬೇಕಾಯಿತು.

"ಎಷ್ಟು ಹೊತ್ತು?"

"ನಾನು ಸಾಕು ಅನ್ನೋವರೆಗೂ."

ಇನ್ನೂ ಅಂದಿಲ್ಲ.